ಮಲೆಗಳಲ್ಲಿ ಮದುಮಗಳು: ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಕುವೆಂಪು ಅವರ ಈ ಕಾದಂಬರಿಯಲ್ಲಿ 100 ಪುಟ ದಾಟುವಷ್ಟರಲ್ಲಿ ಯಾರು ಯಾರೆಂದೇ ತಿಳಿಯುತ್ತಿಲ್ಲ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ತೊಡಕಾಗುವುದು ನಾವು ಒಬ್ಬ ನಾಯಕನನ್ನು ಹುಡುಕುವುದರಿಂದ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲೇ ಹೇಳಿಬಿಟ್ಟಿದ್ದಾರೆ.

ಒಂದು ಹಾಳೆಯಲ್ಲಿ ಹೆಸರುಗಳನ್ನಲ್ಲ, ಊರುಗಳನ್ನು ಬರೆದುಕೊಳ್ಳಿ: ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಆಯಾ ಊರಿನ ಕೆಳಗೆ ಜನ ತಾವಾಗಿ ಸೇರುತ್ತಾರೆ. ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು, ಮುಕುಂದಯ್ಯ ಕೋಣೂರಿನವನು, ಚಿನ್ನಮ್ಮ ಹೂವಳ್ಳಿಯವಳು. ಮಲೆನಾಡಿನ ಮಾತು ಅರ್ಥವಾಗದಿದ್ದರೆ ನಿಘಂಟು ತೆರೆಯದೆ ಸಂಭಾಷಣೆಯನ್ನಷ್ಟೇ ಗಟ್ಟಿಯಾಗಿ ಓದಿ, ಮುಕ್ಕಾಲು ಪಾಲು ಬಿಡಿಸಿಕೊಳ್ಳುತ್ತದೆ. ದಿನಕ್ಕೆ ಎರಡು ಅಧ್ಯಾಯ ಸಾಕು, ಆದರೆ ವಾರಗಟ್ಟಲೆ ಬಿಡುವು ಕೊಡಬೇಡಿ. ಎಳೆ ತಪ್ಪುವುದೇ ಅಲ್ಲಿ.

ಪಾದ್ರಿಯ ಬೈಸಿಕಲ್ಲು ಬರುವ ಭಾಗವನ್ನಂತೂ ನಿಧಾನವಾಗಿ ಓದಿ. ಹೊಸ ಕಾಲ ಆ ಕಾಡಿನೊಳಗೆ ಕಾಲಿಡುವುದನ್ನು ಅಷ್ಟು ಕಣ್ಣಿಗೆ ಕಟ್ಟುವಂತೆ ತೋರಿಸಿದ ಪುಟಗಳು ಕನ್ನಡದಲ್ಲಿ ಕಡಿಮೆ.