ಅದಿರು ಲಾರಿಯ ಟ್ರೆಡ್‌ಗೆ ಸಿಲಿಕಾ: ಪ್ರತಿಕ್ರಿಯೆ

ಸಂಡೂರಿನ ಅದಿರು ಹೊರುವ ಟಿಪ್ಪರ್‌ಗಳ ಹಿಂದಿನ ಟೈರುಗಳಿಗೆ ನೀವು ಹಾಕಿದ ಟ್ರೆಡ್ (ನೆಲಕ್ಕೆ ತಾಗುವ ರಬ್ಬರ್ ಪದರ) ಸವೆಯುವ ಮೊದಲೇ ಚೂರುಚೂರಾಗಿ ಕಿತ್ತುಬರುತ್ತಿದೆ, ರಬ್ಬರಿಗೆ ಬಲ ಕೊಡಲು ಬೆರೆಸುವ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿಯ ಬದಲು ಪೂರ್ತಿ ಸಿಲಿಕಾ ಎಂಬ ಬಿಳಿ ಪುಡಿ ಬಳಸಿದರೆ ಸರಿಹೋದೀತೇ ಎಂದು ಕೇಳಿದ್ದೀರಿ. ದಯವಿಟ್ಟು ಪೂರ್ತಿ ಬದಲಾಯಿಸಬೇಡಿ. 1992ರಲ್ಲಿ ಟೈರು ಕಂಪನಿ ಮಿಷೆಲಿನ್ ಪರಿಚಯಿಸಿದ ಸಿಲಿಕಾ ಟ್ರೆಡ್ ಕಾರುಗಳಿಗಾಗಿ, ಕೃತಕ ರಬ್ಬರನ್ನು ಆಧರಿಸಿ ರೂಪುಗೊಂಡದ್ದು; ಭಾರದ ಲಾರಿಗೆ ಇಂದಿಗೂ ನೈಸರ್ಗಿಕ ರಬ್ಬರೇ ಆಧಾರ, ಏಕೆಂದರೆ ಎಳೆತಕ್ಕೆ ಸಿಕ್ಕಾಗ ಅದರ ಅಣುಸರಪಳಿಗಳು ಸಾಲುಗೂಡಿ ಹರಳುಗಟ್ಟಿ, ಸೀಳು ಮುಂದೆ ಹರಿಯದಂತೆ ತಡೆಯುತ್ತವೆ.

ತೂಕದಲ್ಲಿ ನೂರು ಭಾಗ ರಬ್ಬರಿಗೆ ಎನ್220 ಎಂಬ ಸಣ್ಣ ಕಣಗಳ ದರ್ಜೆಯ ಕಾರ್ಬನ್ ಬ್ಲ್ಯಾಕನ್ನು ಸುಮಾರು 40 ಭಾಗ ಉಳಿಸಿಕೊಂಡು, 10ರಿಂದ 15 ಭಾಗ ಸಿಲಿಕಾ ಸೇರಿಸಿ ಮೊದಲು ಒಂದೆರಡು ಟೈರುಗಳಲ್ಲಿ ಪರೀಕ್ಷಿಸಿ. ಕ್ಯೂರಿಂಗ್ (ಗಂಧಕ ಬೆರೆಸಿದ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವುದು) ಬೇಗ ಆಗಲೆಂದು ಹಾಕುವ ವೇಗವರ್ಧಕವನ್ನು ಸಿಲಿಕಾ ತನ್ನ ಮೈಗೆ ಹೀರಿಕೊಂಡು ಕ್ಯೂರಿಂಗ್ ಅನ್ನು ನಿಧಾನಗೊಳಿಸುವುದರಿಂದ, ಜೊತೆಗೆ ಸಿಲಿಕಾದ ಮೈಯನ್ನು ಆವರಿಸುವ ಡೈಎಥಿಲೀನ್ ಗ್ಲೈಕಾಲ್ ಅಥವಾ ಸಿಲಿಕಾವನ್ನು ರಬ್ಬರಿಗೆ ಬೆಸೆಯುವ ಸಿಲೇನ್ ಸ್ವಲ್ಪ ಬೇಕಾಗುತ್ತದೆ. ಗಂಧಕವುಳ್ಳ ಸಿಲೇನ್ ಆದರೆ ಮಿಶ್ರಣದ ಉಷ್ಣತೆ 140ರಿಂದ 155 ಡಿಗ್ರಿ ಸೆಲ್ಸಿಯಸ್ ನಡುವೆ ಇರಲೇಬೇಕು. 160 ದಾಟಿದರೆ ಆ ಗಂಧಕವೇ ರಬ್ಬರನ್ನು ಮಿಕ್ಸರಿನಲ್ಲೇ ಗಟ್ಟಿಯಾಗಿಸತೊಡಗುತ್ತದೆ.

ಆದರೆ ಇದಕ್ಕೆಲ್ಲ ಮುಂಚೆ, ಕಿತ್ತುಬಂದ ಒಂದು ಚೂರನ್ನು ಅಂಗೈಯಲ್ಲಿಟ್ಟು ನೋಡಿ. ಅಂಚು ಚೂಪಾಗಿದ್ದು, ಸೀಳಿನೊಳಗೆ ಅದಿರಿನ ಕೆಂಪು ದೂಳು ಕುಳಿತಿದ್ದರೆ ಅದು ಕಲ್ಲು ಕೊಯ್ದ ಗಾಯ, ಮೇಲಿನ ಮಾರ್ಪಾಡು ಅದಕ್ಕೇ. ಒಳಮೈ ಮೆತ್ತಗಾಗಿ ಬೆರಳಿಗೆ ಅಂಟಿದರೆ, ಅತಿಯಾದ ಕ್ಯೂರಿಂಗ್‌ನಿಂದಲೋ ಹೆಚ್ಚಿನ ಲೋಡಿನ ಬಿಸಿಯಿಂದಲೋ ರಬ್ಬರಿನ ಗಂಧಕದ ಬೆಸುಗೆಗಳು ಕಳಚಿವೆ ಎಂದೇ ನನ್ನ ಅನುಮಾನ. ಆಗ ಸಿಲಿಕಾಕ್ಕಿಂತ ಮೊದಲು ಗಂಧಕದ ಪ್ರಮಾಣ ಇಳಿಸಿ, ವೇಗವರ್ಧಕವನ್ನು ಹೆಚ್ಚಿಸಿ ನೋಡಬೇಕು.