ಗೇಮ್ ಥಿಯರಿ ಎಕನಾಮಿಕ್ಸ್‌ನಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತಾ? ಹರಾಜಲ್ಲಿ ಬರುತ್ತೆ, ರೀಚಾರ್ಜ್ ರೇಟಲ್ಲಿ ಅಷ್ಟಕ್ಕಷ್ಟೆ

ನಿಮ್ಮ ಪ್ರಶ್ನೆ ಓದ್ದೆ. ಎಂ.ಎ.ಲಿ ಗೇಮ್ ಥಿಯರಿ (ಒಬ್ಬರ ಲಾಭ ಇನ್ನೊಬ್ರು ಏನ್ ಮಾಡ್ತಾರೆ ಅನ್ನೋದ್ರ ಮೇಲೆ ನಿಂತಿರುವಾಗ ಯಾರು ಹೇಗೆ ಆಡ್ತಾರೆ ಅನ್ನೋ ಲೆಕ್ಕ) ಪೇಪರ್ ಇದೆ, ನ್ಯಾಶ್ ಈಕ್ವಿಲಿಬ್ರಿಯಂ (ಯಾರೂ ತಾವೊಬ್ಬರೇ ದಾರಿ ಬದಲಾಯಿಸಿ ಲಾಭ ಮಾಡ್ಕೊಳ್ಳೋಕಾಗದ ಸ್ಥಿತಿ) ಹುಡುಕೋ ಲೆಕ್ಕ ಮಾಡಿ ಮಾಡಿ ಸಾಕಾಗಿದೆ, ಇದನ್ನ ಹೊರಗಡೆ ಯಾರಾದ್ರೂ ಉಪಯೋಗಿಸ್ತಾರಾ ಇಲ್ಲಾ ಮೇಷ್ಟ್ರುಗಳ ಟೈಂಪಾಸಾ ಅಂತ ಕೇಳಿದೀರಿ. ನಾನೂ ಇದೇ ಓದಿ ಆಮೇಲೆ ಕೆಲವು ವರ್ಷ ಟೆಲಿಕಾಂ ಲೈನಲ್ಲಿ ರೇಟು ಪ್ಲ್ಯಾನು ಅಂತ ಲೆಕ್ಕ ನೋಡ್ಕೊಂಡಿದ್ದವನು, ಹಾಗಾಗಿ ಜಾಸ್ತಿ ಆ ಕಡೆಯಿಂದಾನೇ ಹೇಳ್ತೀನಿ. ನನ್ನ ಉತ್ತರ ಇಷ್ಟು: ರೂಲ್ಸನ್ನ ಯಾರೋ ಒಬ್ರು ಕೂತು ಬರೆದು, ಆಡೋರೆಲ್ಲ ಅದರೊಳಗೇ ಆಡ್ಬೇಕು ಅನ್ನೋ ಜಾಗದಲ್ಲಿ ಇದು ತುಂಬಾ ಉಪಯೋಗ. ಆಡೋರೇ ರೂಲ್ಸ್ ಬದಲಾಯಿಸ್ಕೋಬಹುದು ಅನ್ನೋ ಜಾಗದಲ್ಲಿ, ಎಲ್ಲಾ ಮುಗಿದ್ಮೇಲೆ ಹೀಗಾಗಿದ್ದು ಯಾಕೆ ಅಂತ ಹೇಳೋಕೆ ಚೆನ್ನಾಗಿರುತ್ತೆ, ಮುಂಚೆ ಹೇಳು ಅಂದ್ರೆ ಕೈ ಎತ್ತಿಬಿಡುತ್ತೆ.

ಮೊದ್ಲು ಒಂದು ಸಣ್ಣ ಉದಾಹರಣೆ. ಸಿಇಟಿ ಆಪ್ಷನ್ ಎಂಟ್ರಿ ಟೈಮಲ್ಲಿ ಎಲ್ಲಾ ಮನೆಯಲ್ಲೂ ಒಬ್ರು ಚಿಕ್ಕಪ್ಪ ಇರ್ತಾರೆ, "ಆ ಕಾಲೇಜು ನಿನ್ನ ರ‍್ಯಾಂಕಿಗೆ ಸಿಗಲ್ಲ ಕಣೋ, ಸುಮ್ನೆ ಮೇಲೆ ಹಾಕಿ ವೇಸ್ಟ್ ಮಾಡ್ಬೇಡ, ಸಿಗೋದನ್ನ ಮೊದ್ಲು ಹಾಕು" ಅಂತ. ಇದು ತಪ್ಪು. ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತಗೊಂಡು ಅವರ ಲಿಸ್ಟಲ್ಲಿ ಇನ್ನೂ ಖಾಲಿ ಇರೋದ್ರಲ್ಲಿ ಮೇಲಿರೋದನ್ನ ಕೊಡ್ತಾ ಹೋದ್ರೆ, ಆ ರೌಂಡಿನಲ್ಲಿ ನಿಮಗೆ ನಿಜವಾಗಿ ಬೇಕಾದ ಆರ್ಡರಲ್ಲೇ ಬರೆಯೋದಕ್ಕಿಂತ ಒಳ್ಳೆ ಉಪಾಯ ಇಲ್ಲವೇ ಇಲ್ಲ, ಸಿಗದೇ ಇರೋ ಕಾಲೇಜನ್ನ ಮೇಲೆ ಹಾಕಿದ್ರೆ ಕೆಳಗಿರೋದೇನೂ ಕೈತಪ್ಪಲ್ಲ. ಇದಕ್ಕೆ ಪ್ರೂಫ್ ಇದೆ, ಅಭಿಪ್ರಾಯ ಅಲ್ಲ. ಐಐಟಿ, ಎನ್ಐಟಿ ಸೀಟುಗಳನ್ನ 2015ರಿಂದ ಒಟ್ಟಿಗೆ ಹಂಚೋದೂ 1962ರಲ್ಲಿ ಗೇಲ್ ಮತ್ತು ಶಾಪ್ಲಿ ಅನ್ನೋ ಗಣಿತಜ್ಞರು ಬರೆದ ವಿಧಾನದ ಮೇಲೇನೇ. ಆದ್ರೆ ಒಂದು ರೌಂಡ್ ಮುಗಿದು, ಸಿಕ್ಕಿದ್ದನ್ನ ಹಿಡ್ಕೊಳ್ಳೋದಾ ಮುಂದಿನ ರೌಂಡಿಗೆ ಕಾಯೋದಾ, ಇನ್ನೊಂದು ಕಡೆ ಕಟ್ಟಿರೋ ಫೀಸ್ ವಾಪಸ್ ಬರುತ್ತಾ ಅಂತ ಶುರುವಾಯ್ತು ಅಂದ್ರೆ ಆ ಚೆಂದದ ಪ್ರೂಫ್ ಅಲ್ಲಿಗೇ ನಿಂತುಬಿಡುತ್ತೆ.

ಈಗ ಸ್ಪೆಕ್ಟ್ರಂಗೆ, ಅಂದ್ರೆ ಮೊಬೈಲ್ ಸಿಗ್ನಲ್ ಓಡೋ ರೇಡಿಯೋ ತರಂಗಗಳಿಗೆ ಬರೋಣ. ನಮ್ಮಲ್ಲಿ 2008ರಲ್ಲಿ 2ಜಿ ಲೈಸೆನ್ಸನ್ನ ಮೊದಲು ಬಂದವರಿಗೆ ಮೊದಲು ಅಂತ, ದೇಶಪೂರ್ತಿಗೆ 1,658 ಕೋಟಿಗೆ ಕೊಟ್ರು, ಅದು 2001ರ ರೇಟು. 2010ರಲ್ಲಿ 3ಜಿಯನ್ನ ಹರಾಜಿಗೆ ಹಾಕಿದ್ರು, ಎಲ್ಲಾ 22 ಸರ್ಕಲ್ಲೂ (ಟೆಲಿಕಾಂಗೆ ದೇಶಾನ ಹಂಚಿಕೊಂಡಿರೋ ಭಾಗಗಳು) ಒಟ್ಟಿಗೆ, ಕಂಪ್ಯೂಟರ್ ಮೇಲೆ, ರೌಂಡ್ ಮೇಲೆ ರೌಂಡ್. 34 ದಿನ 183 ರೌಂಡ್ ಎಳೀತು. ದೇಶಪೂರ್ತಿ ಸ್ಪೆಕ್ಟ್ರಂಗೆ ರಿಸರ್ವ್ ಪ್ರೈಸ್, ಅಂದ್ರೆ ಇದಕ್ಕಿಂತ ಕಮ್ಮಿಗೆ ಕೊಡಲ್ಲ ಅನ್ನೋ ಬೆಲೆ, 3,500 ಕೋಟಿ ಇತ್ತು, ಕೊನೆಗೆ ನಿಂತಿದ್ದು ಸುಮಾರು 16,750 ಕೋಟಿಗೆ, ಸರ್ಕಾರಕ್ಕೆ ಒಟ್ಟು 67,000 ಕೋಟಿ ದಾಟಿ ಬಂತು. ಈ ತರದ ಹರಾಜಿನ ಮೂಲ 1994ರ ಅಮೆರಿಕ, ಅಲ್ಲಿ ಪಾಲ್ ಮಿಲ್‌ಗ್ರಂ, ರಾಬರ್ಟ್ ವಿಲ್ಸನ್ ಮುಂತಾದವರು ಇದನ್ನ ಡಿಸೈನ್ ಮಾಡಿದ್ರು, ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು. ಯಾಕೆ ಒಂದೇ ಸಲ ಕವರಲ್ಲಿ ರೇಟ್ ಬರೆಸಿಕೊಳ್ಳಲ್ಲ, ಯಾಕೆ ರೌಂಡು ಅಂದ್ರೆ, ಸ್ಪೆಕ್ಟ್ರಂನ ನಿಜವಾದ ಬೆಲೆ ಎಷ್ಟು ಅಂತ ಯಾರಿಗೂ ಗೊತ್ತಿರಲ್ಲ, ಕವರ್ ಸಿಸ್ಟಮ್ಮಲ್ಲಿ ಗೆಲ್ಲೋನು ಯಾರು ಅಂದ್ರೆ ಸಾಮಾನ್ಯವಾಗಿ ಬೆಲೆಯನ್ನ ಎಲ್ಲರಿಗಿಂತ ಜಾಸ್ತಿ ಅಂತ ತಪ್ಪು ಅಂದಾಜು ಹಾಕಿದವನು, ಆ ಭಯಕ್ಕೆ ಎಲ್ರೂ ಕಮ್ಮಿ ಬರೀತಾರೆ. ರೌಂಡ್ ಇದ್ರೆ ಬೇರೆಯವರು ಎಲ್ಲಿವರೆಗೂ ಬರ್ತಾವ್ರೆ ಅಂತ ನೋಡ್ಕೊಂಡು ಧೈರ್ಯವಾಗಿ ಕೂಗಬಹುದು. ಇದು ಪೂರ್ತಿ ಥಿಯರಿಯಿಂದ ಬಂದ ಐಡಿಯಾ.

ಅಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸಬಹುದಿತ್ತು, ಆದ್ರೆ ಅದೇ 2010ರ ಕೊನೆಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಆ 3ಜಿ ರೇಟನ್ನೂ ಅಳತೆಗೋಲು ಮಾಡ್ಕೊಂಡು 2ಜಿಯಲ್ಲಿ 1.76 ಲಕ್ಷ ಕೋಟಿವರೆಗೂ ಲಾಸ್ ಆಗಿರಬಹುದು ಅಂತು. ಲೈಸೆನ್ಸ್ ಕೊಟ್ಟ ರೀತಿ ಸರಿ ಇತ್ತು ಅಂತ ನಾನು ಹೇಳ್ತಿಲ್ಲ, ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ 122 ಲೈಸೆನ್ಸ್ ರದ್ದು ಮಾಡ್ತಲ್ಲ. ನನ್ನ ಪಾಯಿಂಟ್ ಬೇರೆ, ಒಂದು ಆಟದಲ್ಲಿ ಬಂದ ಬೆಲೆಯನ್ನ ತಗೊಂಡು ಇನ್ನೊಂದು ಆಟಕ್ಕೆ ಅಂಟಿಸೋಕಾಗಲ್ಲ. 2012ರ ನವೆಂಬರಲ್ಲಿ ರದ್ದಾದ ಲೈಸೆನ್ಸ್‌ಗಳ ಆ ಸ್ಪೆಕ್ಟ್ರಂನ ಹರಾಜಿಗಿಟ್ರು, ಈ ಸಲ ದೇಶಪೂರ್ತಿಗೆ ರಿಸರ್ವ್ ಪ್ರೈಸ್ 14,000 ಕೋಟಿ. ಬಂದಿದ್ದು ಒಟ್ಟು 9,400 ಕೋಟಿ ಚಿಲ್ಲರೆ. ಡೆಲ್ಲಿ, ಮುಂಬೈ, ರಾಜಸ್ಥಾನ, ನಮ್ಮ ಕರ್ನಾಟಕ, ಈ ನಾಲ್ಕು ಸರ್ಕಲಲ್ಲಿ ಒಬ್ಬನೇ ಒಬ್ಬ ಕೈ ಎತ್ತಲಿಲ್ಲ. ಬೆಂಗಳೂರು ಇರೋ ಸರ್ಕಲ್ ಸ್ವಾಮಿ ಇದು! ರೌಂಡಿನ ಹರಾಜೇ ಇತ್ತು, ಆದ್ರೆ ಕೂಗೋರೇ ಇಲ್ಲ ಅಂದ್ಮೇಲೆ ಯಾವ ಈಕ್ವಿಲಿಬ್ರಿಯಂ ತಗೊಂಡು ಏನ್ ಮಾಡ್ತೀರಿ. 700 ಮೆಗಾಹರ್ಟ್ಸ್ ಅನ್ನೋ ಇನ್ನೊಂದು ಸ್ಪೆಕ್ಟ್ರಂ ಪಟ್ಟಿಯ ಕಥೆಯೂ ಅಷ್ಟೆ, 2016ರಲ್ಲಿ ಒಂದು ಮೆಗಾಹರ್ಟ್ಸ್‌ಗೆ 11,485 ಕೋಟಿ ಅಂದ್ರು, ಯಾರೂ ಮುಟ್ಟಲಿಲ್ಲ, 2021ರಲ್ಲಿ ಇಳಿಸಿದ್ರು, ಆಗ್ಲೂ ಇಲ್ಲ, 2022ರಲ್ಲಿ 3,927 ಕೋಟಿಗೆ ತಂದ್ಮೇಲೆ ಜಿಯೋ ಒಂದೇ ಬಂದು ತಗೊಂತು. ಯೂರೋಪಲ್ಲೂ ಹಿಂಗೇ ಆಗಿದೆ. 2000ರಲ್ಲಿ ಬ್ರಿಟನ್‌ನ 3ಜಿ ಹರಾಜಲ್ಲಿ ಹಳೇ ಕಂಪನಿ ನಾಲ್ಕು, ಲೈಸೆನ್ಸ್ ಐದು, ಹೊಸಬರಿಗೆ ಒಂದು ಗ್ಯಾರಂಟಿ ಅಂತ 13 ಕಂಪನಿ ಬಂದ್ರು, 22.5 ಬಿಲಿಯನ್ ಪೌಂಡ್ ಬಂತು. ಅದೇ ವರ್ಷ ನೆದರ್ಲೆಂಡ್ಸ್ ಅದೇ ಡಿಸೈನ್ ಎತ್ಕೊಂಡು ಹೋಯ್ತು, ಅಲ್ಲಿ ಹಳೇ ಕಂಪನಿ ಐದು ಲೈಸೆನ್ಸೂ ಐದು, ಹೊಸಬರು ಯಾಕಾದ್ರೂ ಬರ್ತಾರೆ? ಮೂರು ಬಿಲಿಯನ್ ಯೂರೋ ಕೂಡ ದಾಟಲಿಲ್ಲ.

ಇನ್ನು ಬುದ್ಧಿವಂತಿಕೆ ಆಟಗಾರರಿಗೂ ಇರುತ್ತೆ. 1999ರಲ್ಲಿ ಜರ್ಮನಿಯಲ್ಲಿ ಹತ್ತು ಬ್ಲಾಕ್ ಸ್ಪೆಕ್ಟ್ರಂ ಹರಾಜಿಗಿತ್ತು, ಹೊಸ ಬಿಡ್ ಹಳೇದಕ್ಕಿಂತ ಕನಿಷ್ಠ 10% ಜಾಸ್ತಿ ಇರ್ಬೇಕು ಅನ್ನೋದು ರೂಲು. ಮ್ಯಾನೆಸ್‌ಮನ್ ಅನ್ನೋ ಕಂಪನಿ 6ರಿಂದ 10ನೇ ಬ್ಲಾಕಿಗೆ ಮೆಗಾಹರ್ಟ್ಸ್‌ಗೆ 20 ಮಿಲಿಯನ್ ಮಾರ್ಕ್ ಅಂತು, 1ರಿಂದ 5ಕ್ಕೆ 18.18 ಮಿಲಿಯನ್ ಅಂತು. ಈ 18.18 ಎಲ್ಲಿಂದ ಬಂತು? ಅದಕ್ಕೆ 10% ಸೇರ್ಸಿ ನೋಡಿ, ಹೆಚ್ಚುಕಮ್ಮಿ ಸರಿಯಾಗಿ 20. ಅಂದ್ರೆ "ನೀನು ಆ ಐದನ್ನ 20ಕ್ಕೆ ತಗೋ, ನಾನು ಈ ಐದನ್ನ 20ಕ್ಕೆ ತಗೋತೀನಿ, ಇಬ್ರೂ ಮನೆಗೆ ಹೋಗೋಣ" ಅಂತ ಬಾಯಿ ಬಿಡದೆ ಹೇಳಿದ ಹಾಗೆ. ಎದುರಿಗಿದ್ದ ಟಿ-ಮೊಬಿಲ್‌ಗೆ ಅರ್ಥ ಆಯ್ತು, ಎರಡೇ ರೌಂಡಲ್ಲಿ ಹರಾಜು ಮುಗೀತು. ಪರ್ಸೆಂಟೇಜ್ ರೂಲ್ ಬರೆದ ಅಧಿಕಾರಿ ಅದನ್ನ ಹರಾಜು ಬೇಗ ಸಾಗಲಿ ಅಂತ ಬರೆದಿರ್ತಾನೆ, ಆಡೋರು ಅದನ್ನೇ ಟೆಲಿಫೋನ್ ಮಾಡ್ಕೊಂಡ್ರು! ನನಗೆ ಗೇಮ್ ಥಿಯರಿಯಲ್ಲಿ ಇಷ್ಟ ಆಗೋದೇ ಇಂಥ ಭಾಗ, ಯಾಕಂದ್ರೆ ಇಲ್ಲಿ ಥಿಯರಿ ಗೊತ್ತಿದ್ರೆ ತೂತು ಎಲ್ಲಿದೆ ಅಂತ ಕಾಣ್ಸುತ್ತೆ, ಮುಂದಿನ ಸಲ ಮುಚ್ಚಬಹುದು.

ಈಗ ಹರಾಜು ಬಿಟ್ಟು ರೀಚಾರ್ಜ್ ರೇಟಿಗೆ ಬನ್ನಿ, ಇಲ್ಲಿ ಚಿತ್ರಾನೇ ಬೇರೆ. ನಿಮ್ಮ ಸಿಲಬಸ್ಸಲ್ಲಿ ಬರ್ಟ್ರಾಂಡ್ ಮಾಡೆಲ್ ಇರುತ್ತೆ, ಒಂದೇ ತರದ ಮಾಲು ಮಾರೋ ಇಬ್ರೇ ಇಬ್ರು ಇದ್ರೂ ಸಾಕು, ಒಬ್ಬರಿಗಿಂತ ಒಬ್ರು ಕಮ್ಮಿ ಮಾಡ್ಕೊಂಡು ಬೆಲೆ ಖರ್ಚಿನ ಮಟ್ಟಕ್ಕೆ ಇಳಿಯುತ್ತೆ ಅಂತ. ಮುಂದಿನ ಚಾಪ್ಟರಲ್ಲಿ ರಿಪೀಟೆಡ್ ಗೇಮ್ ಬರುತ್ತೆ, ಅದೇ ಇಬ್ರು ದಿನಾ ಮುಖ ನೋಡ್ಕೊಂಡು ಆಡೋದಾದ್ರೆ, ಮುಂದೆ ಬರೋ ಲಾಭದ ಮೇಲೆ ಕಣ್ಣಿದ್ರೆ, ಬೆಲೆ ಮೇಲೇನೇ ನಿಲ್ಲಬಹುದು ಅಂತ. ಎಷ್ಟು ಮೇಲೆ? ಖರ್ಚಿನ ಮಟ್ಟದಿಂದ ಹಿಡಿದು ಮೊನಾಪಲಿ ರೇಟಿನ (ಮಾರೋನು ಒಬ್ಬನೇ ಇದ್ರೆ ಇಡೋ ರೇಟು) ತನಕ ಎಲ್ಲಿ ಬೇಕಾದ್ರೂ! ಈ ಉತ್ತರ ತಗೊಂಡು ನಾನು ಬಾಸ್ ಹತ್ರ ಹೋಗಿ ಏನಂತ ಹೇಳ್ಲಿ? 2016ರ ಸೆಪ್ಟೆಂಬರಲ್ಲಿ ಜಿಯೋ ಫ್ರೀ ಕಾಲ್ ಫ್ರೀ ಡೇಟಾ ಅಂತ ಬಂದಾಗ ಎಲ್ರೂ ಮೊದಲ ಚಾಪ್ಟರ್ ತೋರ್ಸಿದ್ರು. 2019ರ ಡಿಸೆಂಬರಲ್ಲಿ ಜಿಯೋ, ಏರ್‌ಟೆಲ್, ವೊಡಾಫೋನ್ ಐಡಿಯಾ ಮೂರು ಕಂಪನಿನೂ ಒಂದೇ ವಾರದಲ್ಲಿ ರೇಟ್ ಏರಿಸಿದಾಗ, 2024ರ ಜುಲೈ ಮೊದಲ ವಾರ ಮತ್ತೆ ಮೂವರೂ ಏರಿಸಿದಾಗ ಎರಡನೇ ಚಾಪ್ಟರ್ ತೋರ್ಸಿದ್ರು. ಒಳಒಪ್ಪಂದ ಇತ್ತು ಅಂತ ಹೇಳ್ತಿಲ್ಲ, ಮಾತೇ ಆಡದೆ ಹೀಗಾಗಬಹುದು ಅಂತಾನೇ ಆ ಚಾಪ್ಟರ್ ಹೇಳೋದು. ಆದ್ರೆ 2015ರಲ್ಲಿ ಕೂತು, ಇನ್ನು ಮೂರು ವರ್ಷಕ್ಕೆ ವೊಡಾಫೋನ್ ಐಡಿಯಾ ಒಂದಾಗುತ್ತೆ, ಏರ್‌ಸೆಲ್ ದಿವಾಳಿ ಅರ್ಜಿ ಹಾಕುತ್ತೆ ಅಂತ ಹೇಳೋಕೆ ಯಾವ ಪೇಆಫ್ ಟೇಬಲ್ಲಿಂದಲೂ (ಯಾರು ಏನ್ ಮಾಡಿದ್ರೆ ಯಾರಿಗೆ ಎಷ್ಟು ಸಿಗುತ್ತೆ ಅನ್ನೋ ಪಟ್ಟಿ) ಆಗ್ತಿರ್ಲಿಲ್ಲ, ಯಾಕಂದ್ರೆ ಟೇಬಲ್ ಬರೆಯೋಕೆ ಮೊದ್ಲು ಆಟಗಾರರು ಯಾರು, ಅವರಿಗೆ ಬೇಕಾಗಿರೋದು ಈ ವರ್ಷದ ಲಾಭಾನಾ ಹತ್ತು ವರ್ಷ ಆದ್ಮೇಲಿನ ಗಿರಾಕಿಗಳಾ ಅಂತ ಗೊತ್ತಿರ್ಬೇಕು. ಅದು ಗೊತ್ತಾದ್ರೆ ಅರ್ಧ ಕೆಲಸ ಮುಗೀತು, ಉಳಿದ ಅರ್ಧಕ್ಕೆ ಮಾತ್ರ ಥಿಯರಿ ಬೇಕು. ಅಂದಹಾಗೆ ಹರಾಜಿನ ಆಟವೂ ಹರಾಜಿನ ದಿನಕ್ಕೆ ಮುಗಿಯಲ್ಲ: 2010ರಲ್ಲಿ ಜಿದ್ದಿಗೆ ಬಿದ್ದು ಕೂಗಿದ ಏರ್‌ಟೆಲ್, ವೊಡಾಫೋನ್, ಐಡಿಯಾ ಮೂವರೂ ಆಮೇಲೆ ತಮಗೆ ಸಿಗದ ಸರ್ಕಲಲ್ಲಿ ಒಬ್ಬರ 3ಜಿ ಇನ್ನೊಬ್ರು ಬಳಸ್ಕೊಳ್ಳೋಕೆ ರೋಮಿಂಗ್ ಒಪ್ಪಂದ ಮಾಡ್ಕೊಂಡ್ರು, ಸರ್ಕಾರ ಆಗಲ್ಲ ಅಂತು, ವರ್ಷಗಟ್ಟಲೆ ಕೇಸ್ ನಡೀತು.

ಜನ ಅಷ್ಟು ಲೆಕ್ಕ ಹಾಕ್ತಾರಾ ಅನ್ನೋದು ಇನ್ನೊಂದು ತಕರಾರು, ಅದನ್ನ ಎಲ್ರೂ ಹೇಳ್ತಾರೆ, ಬೇಗ ಮುಗಿಸ್ತೀನಿ. ಅರ್ಥಶಾಸ್ತ್ರಜ್ಞ ಕೌಶಿಕ್ ಬಸು 1994ರಲ್ಲಿ ಒಂದು ಆಟ ಕೊಟ್ರು. ಇಬ್ರು ಪ್ರಯಾಣಿಕರ ಒಂದೇ ತರದ ವಸ್ತು ವಿಮಾನದಲ್ಲಿ ಒಡೆದುಹೋಗಿದೆ, ಇಬ್ರೂ ಬೇರೆ ಬೇರೆ ಕೂತು 2ರಿಂದ 100ರೊಳಗೆ ಒಂದು ಬೆಲೆ ಬರೀಬೇಕು, ಒಂದೇ ಬರೆದ್ರೆ ಅಷ್ಟು ಸಿಗುತ್ತೆ, ಬೇರೆ ಬರೆದ್ರೆ ಇಬ್ಬರಿಗೂ ಕಮ್ಮಿ ಬೆಲೆ, ಜೊತೆಗೆ ಕಮ್ಮಿ ಬರೆದವನಿಗೆ 2 ಜಾಸ್ತಿ, ಇನ್ನೊಬ್ಬನಿಗೆ 2 ಕಟ್. ಅವನು 100 ಬರೆದ್ರೆ ನಾನು 99, ಅವನು 99 ಅಂದ್ರೆ ನಾನು 98 ಅಂತ ಇಳೀತಾ ಇಳೀತಾ ಲೆಕ್ಕದ ಪ್ರಕಾರ ಇಬ್ರೂ 2 ಬರೀಬೇಕು. ಯಾರು ಬರೀತಾರ್ರೀ? ಆಡಿಸಿ ನೋಡಿದ್ರೆ ಬಹಳ ಜನ 90ರ ಮೇಲೇನೇ ಬರೀತಾರೆ, ಗೇಮ್ ಥಿಯರಿ ಪಂಡಿತರನ್ನೇ ಆಡಿಸಿದಾಗ್ಲೂ ಎಷ್ಟೋ ಜನ 100 ಅಂದ್ರು. ಮಜಾ ಏನಂದ್ರೆ ಆ 2ರ ದಂಡವನ್ನ ಜೋರಾಗಿ ಏರಿಸಿದ್ರೆ ಜನ ನಿಜವಾಗ್ಲೂ ಕೆಳಗಿಳೀತಾರೆ. ಥಿಯರಿ ಪ್ರಕಾರ ದಂಡ ಎಷ್ಟಿದ್ರೂ ಉತ್ತರ ಒಂದೇ ಆಗ್ಬೇಕಿತ್ತು. ಅದಕ್ಕೇ ದೊಡ್ಡ ದುಡ್ಡು ಇರೋ, ಅಡ್ವೈಸರ್‌ಗಳನ್ನ ಇಟ್ಕೊಂಡು ಕಂಪನಿಗಳು ಆಡೋ ಹರಾಜಿನಲ್ಲಿ ಇದು ಪರವಾಗಿಲ್ಲ, ಬೀದಿಯಲ್ಲಿ ಅಂಗಡಿಯವನು ರೇಟ್ ಹೇಳೋದನ್ನ ಇದ್ರಿಂದ ಲೆಕ್ಕ ಹಾಕೋಕೆ ಹೋಗ್ಬೇಡಿ.

ಪೇಪರ್ ವಿಷಯಕ್ಕೆ, ಈಕ್ವಿಲಿಬ್ರಿಯಂ ರಿಫೈನ್‌ಮೆಂಟ್ (ಹಲವು ಈಕ್ವಿಲಿಬ್ರಿಯಂ ಇದ್ದಾಗ ಒಪ್ಪದವನ್ನ ಸೋಸೋದು) ಅಂತ ಬರೋ ಪುಟಗಳನ್ನ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಓದ್ಕೊಳ್ಳಿ, ಹರಾಜು ಮತ್ತೆ ಮೆಕ್ಯಾನಿಸಂ ಡಿಸೈನ್ (ಬೇಕಾದ ಫಲ ಬರೋ ಹಾಗೆ ಆಟದ ರೂಲ್ಸ್ ಬರೆಯೋದು) ಮಾತ್ರ ಕೂತು ಮಾಡಿ. ಜೊತೆಗೆ ದೂರಸಂಪರ್ಕ ಇಲಾಖೆ ಪ್ರತಿ ಸ್ಪೆಕ್ಟ್ರಂ ಹರಾಜಿಗೂ ಮುಂಚೆ ನಿಯಮಗಳ ದೊಡ್ಡ ಡಾಕ್ಯುಮೆಂಟ್ ಹಾಕುತ್ತೆ, ಅದನ್ನ ಡೌನ್‌ಲೋಡ್ ಮಾಡಿ ಆಕ್ಟಿವಿಟಿ ರೂಲ್ ಅನ್ನೋ ಭಾಗ ಓದಿ. ಪ್ರತಿ ರೌಂಡಲ್ಲೂ ಇಂತಿಷ್ಟು ಬಿಡ್ ಮಾಡದೆ ಸುಮ್ನೆ ಕೂತ್ರೆ ಮುಂದೆ ಕೂಗೋ ಅರ್ಹತೆ ಕಮ್ಮಿ ಆಗುತ್ತೆ ಅಂತ ಇರುತ್ತೆ. ಆ ಒಂದು ರೂಲ್ ತೆಗೆದುಹಾಕಿದ್ರೆ ನೀವು ಒಂದು ಕಂಪನಿ ಜಾಗದಲ್ಲಿ ಕೂತು ಏನ್ ಮಾಡ್ತಿದ್ರಿ ಅಂತ ಪೇಪರ್ ಪೆನ್ ಹಿಡ್ಕೊಂಡು ಬರೀರಿ, ಒಂದು ಮಧ್ಯಾಹ್ನ ಹಿಡಿಯುತ್ತೆ ಅಷ್ಟೆ.