ಅಂಗಳ ಗುಡಿಸಿದ್ದು ಲೆಕ್ಕಕ್ಕಿಲ್ವಾ?

ಪ್ರಶ್ನೆ: ನನಗೆ 52 ವರ್ಷ. ಅಡಿಕೆ, ಕೊಟ್ಟಿಗೆ, ಅಂಗಳ ಅಂತ ದಿನವಿಡೀ ದುಡಿಯುತ್ತೇನೆ. ಆದರೂ ಬೆಂಗಳೂರಿನ ಮಗಳು ‘ಆಯಿ, ವಾಕಿಂಗ್ ಹೋಗು’ ಎನ್ನುತ್ತಾಳೆ. ಹೊರಟರೆ ಊರವರು ‘ಎಂತ, ಕೆಲಸ ಇಲ್ಯ?’ ಅಂತ ನಗುತ್ತಾರೆ.
– ಓದುಗರೊಬ್ಬರು, ಶಿರಸಿ

ಉತ್ತರ: ಅಕ್ಕಾ, ನಗುವವರು ನಗಲಿ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಾನು ನಡೆಯಲು ಶುರುಮಾಡಿದಾಗ ಮೀನು ಮಾರುವವರೊಬ್ಬರು ‘ಶುಗರ್ ಬಂತಾ?’ ಎಂದು ಕನಿಕರದಿಂದ ಕೇಳಿದ್ದರು. ಕಾಯಿಲೆ ಇದ್ದವರೇ ನಡೆಯಬೇಕು ಅಂತ ನಮ್ಮಲ್ಲೊಂದು ನಂಬಿಕೆ ಇದೆಯಲ್ಲ! ಈಗ ಒಂದು ದಿನ ತಪ್ಪಿಸಿದರೂ ಅವರೇ ವಿಚಾರಿಸುತ್ತಾರೆ.

ನಿಮ್ಮ ದುಡಿಮೆ ಖಂಡಿತ ಲೆಕ್ಕಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ತುಸು ಏದುಸಿರು ಬರುವಂಥ ಚಟುವಟಿಕೆ. ಅದರಲ್ಲಿ ಮನೆಗೆಲಸವೂ ಸೇರಿದೆ. ಒಂದೇ ಸಮನೆ ಹತ್ತು ನಿಮಿಷ ಆಗಲೇಬೇಕೆಂಬ ಹಳೆಯ ನಿಯಮವನ್ನು 2020ರಲ್ಲಿ ಕೈಬಿಟ್ಟಿದ್ದಾರೆ. ಹುಲ್ಲಿನ ಹೊರೆ ಹೊತ್ತು ತೋಟದ ದಿಬ್ಬ ಹತ್ತುತ್ತೀರಲ್ಲ, ಅದು ಯಾವ ಜಿಮ್ಮಿಗೂ ಕಡಿಮೆಯಿಲ್ಲ.

ಅಡಿಕೆ ಸುಲಿಯುವುದು ಮಾತ್ರ ಬೇರೆ. ಮೆಟ್ಟುಗತ್ತಿ ಮುಂದೆ ಮೂರು ತಾಸು ಕೂತರೆ ದುಡಿಯುವುದು ಬೆರಳು, ತೋಳು. ಸೊಂಟ, ಮಂಡಿ ಹಿಡಿದುಕೊಳ್ಳುತ್ತವೆ. ಅರ್ಧ ತಾಸಿಗೊಮ್ಮೆ ಎದ್ದು ಅಂಗಳ ಸುತ್ತಿ. ಸುಲಿತದ ದಿನಗಳಲ್ಲಿ ಸಂಜೆ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ನಡೆಯುವಾಗ ಎದೆ ನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಒಬ್ಬರೇ ಹೋಗಲು ಸಂಕೋಚವಾದರೆ ನಗುವವರಲ್ಲೇ ಒಬ್ಬರನ್ನು ಕರೆಯಿರಿ, ಬಂದೇ ಬರುತ್ತಾರೆ.